ಬಾಟಲಿಯೊಳಗಿನ ನಾರಪ್ಪ

ಸೇಲಂ ಗುಗೈ ಕಡೆ ಕನ್ನಡ ಮಾತಿನ ನೇಕಾರರ ಬೀದಿಗೆ ಹೋಗಿ ನಾರಪ್ಪನ ಮನೆ ಯಾವುದು ಅಂತ ಕೇಳಿದ್ದರೆ ಆ ಕಾಲದಲ್ಲಿ ನಿಮಗೆ ಯಾರೂ ಹೇಳುತ್ತಿರಲಿಲ್ಲ. ಹೊಟ್ಟೆಕಿಚ್ಚಿಗಲ್ಲ. ಅಂಥವನೊಬ್ಬ ಅಲ್ಲಿದ್ದಾನೆ ಅನ್ನೋದೇ ಯಾರ ನೆನಪಲ್ಲೂ ಇರಲಿಲ್ಲ. "ಸೊಣ್ಣಮ್ಮನ ಗಂಡನ ಮನೆ ಎಲ್ಲಿ?" ಅಂತ ಕೇಳಿದ್ದರೆ ಇಡೀ ಬೀದಿಯೇ ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲಲ್ಲಿ ಬಿಡುತ್ತಿತ್ತು. ಯಾಕಂದರೆ ಬೀದಿಗೆ ಇದ್ದ ಒಂದೇ ಕೊಳಾಯಿಯ ಸರದಿ ಸೊಣ್ಣಮ್ಮನ ಬಾಯಲ್ಲಿತ್ತು. ಯಾರ ಬಿಂದಿಗೆ ಮುಂದೆ, ಯಾರದು ಹಿಂದೆ ಅಂತ ಅವಳು ಹೇಳಿದ್ದೇ ಕಾನೂನು. ಅಂಥವಳ ಗಂಡನಿಗೆ ಬೇರೆ ಹೆಸರು ಯಾಕೆ ಅಂತ ಜನ ಕೈಬಿಟ್ಟಿದ್ದರು.

ಆದರೆ ಅವನಿಗೆ ಬೇಕಾಗಿತ್ತಲ್ಲ! ತಾಪತ್ರಯವೆಲ್ಲ ಅಲ್ಲೇ ಶುರುವಾದದ್ದು.

ಮನೆಯೊಳಗೂ ಅವನ ಹೆಸರು ಹೇಳುವವರಿರಲಿಲ್ಲ. ಸೊಣ್ಣಮ್ಮ ಹೇಳುವ ಹಾಗಿಲ್ಲ; ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಗಂಡನ ಆಯಸ್ಸು ಸವೆಯುತ್ತೆ ಅಂತ ಅವರಲ್ಲಿ ನಂಬಿಕೆ. "ಇಗಾ", "ಇಲ್ನೋಡಿ", "ನಿಮ್ಮುನ್ನೇ" ಇಷ್ಟರಲ್ಲೇ ಇಪ್ಪತ್ತೆರಡು ವರ್ಷದ ಸಂಸಾರ ನಡೆದಿತ್ತು. ತಾಯಿ ದೊಡ್ಡಮುನಿಯಮ್ಮ ಹೇಳಬಹುದಿತ್ತಲ್ಲ ಅಂತೀರಾ? ಮಗನಿಗೆ ಇಟ್ಟಿದ್ದು ತಾತನ ಹೆಸರು. ತಾತ ಅಂದರೆ ಆಕೆಗೆ ಮಾವ. ಮಾವನ ಹೆಸರನ್ನು ಸೊಸೆಯಾದವಳು ಹೇಳುವುದುಂಟೇ? ಅದಕ್ಕೇ ಮಗ ಹುಟ್ಟಿದಾಗಿನಿಂದ ಆಕೆ "ಲೇ" ಅನ್ನುತ್ತಾ ಬಂದಿದ್ದಳು. ಹೆಸರು ಹಿಡಿದು ಕೂಗುತ್ತಿದ್ದವನು ಅಪ್ಪ ಒಬ್ಬನೇ. ಅವನು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು.

ಸರ್ಕಾರದ ಪುಸ್ತಕದಲ್ಲಾದರೂ ಇದೆಯೋ? ಅದೂ ಇಲ್ಲ. ಮೂವತ್ತೊಂದನೇ ಇಸವಿಯಲ್ಲಿ ಜನಗಣತಿಯವನು ಬಂದಾಗ ನಾರಪ್ಪ ನೂಲು ತರಲು ಹೋಗಿದ್ದ. ಯಜಮಾನನ ಹೆಸರೇನು ಅಂತ ಅವನು ಕೇಳಿದ. ಸೊಣ್ಣಮ್ಮ ಜಾಣತನ ಮಾಡಿ, "ಅದೇ ಸಾಮಿ, ಕಂಬ ಒಡ್ಕೊಂಡು ಬಂದ್ನಲ್ಲ ದೇವ್ರು, ಸಿಂಹದ ಮೊಕದೋನು, ಅವನ ಎಸ್ರೇ" ಅಂದಳು. ನರಸಿಂಹ, ನಾರಪ್ಪ ಅಂತ ಯಾರಿಗಾದರೂ ಹೊಳೆಯಬೇಕು. ಆ ಪುಣ್ಯಾತ್ಮನಿಗೆ ಇನ್ನೂ ಅರವತ್ತು ಮನೆ ಬಾಕಿಯಿತ್ತು. ಕಂಬ ಅನ್ನೋವಷ್ಟರಲ್ಲೇ "ಕಂಬಯ್ಯ" ಅಂತ ಬರೆದುಕೊಂಡು ಮುಂದಿನ ಮನೆಗೆ ಹೋದ.

ಹೀಗೆ ಬೀದಿಗೆ ಸೊಣ್ಣಮ್ಮನ ಗಂಡನಾಗಿ, ತಾಯಿಗೆ ಲೇ ಆಗಿ, ಸರ್ಕಾರಕ್ಕೆ ಕಂಬಯ್ಯನಾಗಿ ನಾರಪ್ಪ ನಲವತ್ತೈದು ವರ್ಷ ಮುಟ್ಟಿದ. ಸಾಯೋದರೊಳಗೆ ಒಂದು ಸಲ ತನ್ನ ಹೆಸರನ್ನು ಯಾರಾದರೂ ನೆಟ್ಟಗೆ ಹೇಳಲಿ, ಎಲ್ಲಾದರೂ ನೆಟ್ಟಗೆ ಬರೆಯಲಿ ಅನ್ನೋದು ಅವನ ಆಸೆ. ದೊಡ್ಡ ಆಸೆಯೇನಲ್ಲ. ಆದರೂ ಅದಕ್ಕೆ ಒಂದು ಹಲ್ಲಿ ಬರಬೇಕಾಯಿತು ನೋಡಿ.

ಬಂದದ್ದು ಮೂವತ್ತೇಳನೇ ಇಸವಿಯಲ್ಲಿ, ಅಂಡಮಾನ್‌ನಿಂದ. ಸೊಣ್ಣಮ್ಮನ ಅಣ್ಣ ಮುನಿಸ್ವಾಮಿ ಅಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ತಂಗಿಗೆ ಅಂತ ಕೆಂಪು ಮರದ ಒಂದು ಪೆಟ್ಟಿಗೆ ಮಾಡಿಸಿ, ಅದರ ತುಂಬ ತೆಂಗಿನಕಾಯಿ ತುಂಬಿ ಹಡಗಿಗೆ ಹಾಕಿದ್ದ. ಮುಚ್ಚಳ ತೆಗೆದಾಗ ಕಾಯಿಗಳ ಸಂದಿಯಿಂದ ಎರಡು ಪ್ರಾಣಿ ಚಂಗನೆ ಹಾರಿ ಗೋಡೆ ಹತ್ತಿದವು. ಎಳೆ ಬಾಳೆಯೆಲೆಯ ಹಸಿರು ಒಡಲು, ಬೆನ್ನಿನುದ್ದಕ್ಕೂ ಕುಂಕುಮದ ಬುಟ್ಟಾ. ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕೂತಿದ್ದ ನಾರಪ್ಪನಿಗೆ ಅಂಥ ಬಣ್ಣ ಕೂಡಿಸಲು ಒಂದು ದಿನವೂ ಕೈ ಬಂದಿರಲಿಲ್ಲ.

ಬೀದಿಯೆಲ್ಲ ಸೇರಿತು. ಇದು ಯಾವ ಜಾತಿ ಅಂತ ತೀರ್ಮಾನ ಆಗಬೇಕಲ್ಲ.

"ಓತಿಕೇತ" ಅಂದ ಪಕ್ಕದ ಮನೆಯ ಜವರಪ್ಪ. "ಹಸರಾಗೈತೆ, ಹಗಲೊತ್ತು ತಿರುಗ್ತೈತೆ. ಹಲ್ಲಿ ಯಾವತ್ತಾರ ಹಗಲಾಗೆ ಹಿಂಗೆ ಮೆರೆಯಾಕುಂಟಾ?"

"ಓತಿಕೇತ ಗಾಜಿನ ಮೇಲೆ ಹತ್ತುತ್ತಾ ಮಾಮಾ? ಇದು ಸಾಮಿ ಪಟದ ಗಾಜಿನ ಮೇಲೆ ಕುಂತೈತೆ ನೋಡು" ಅಂದ ನಾರಪ್ಪ. ಅವನು ಸಾಮಾನ್ಯವಾಗಿ ಎದುರಾಡುವವನಲ್ಲ. ಅವತ್ತು ಯಾಕೋ ಆಡಿದ.

"ಹಲ್ಲಿಯಾಗಿದ್ರೆ ಲೊಚ್ ಅಂತಿತ್ತು" ಅಂದಳು ದೊಡ್ಡಮುನಿಯಮ್ಮ. "ಬೆಳಿಗ್ಗೆಯಿಂದ ಮೂರು ಸುಳ್ಳು ಹೇಳಿದೀನಿ, ನಾಕು ನಿಜ ಹೇಳಿದೀನಿ. ಒಂದಕ್ಕೂ ಲೊಚ್ ಅನ್ಲಿಲ್ಲ. ಇದು ಹಲ್ಲಿಯಲ್ಲ."

ಅಷ್ಟರಲ್ಲಿ ಅವುಗಳಲ್ಲಿ ಒಂದು ಇಳಿದು ಬಂದು ಅಡಿಗೆಮನೆಯ ಬೆಲ್ಲದಚ್ಚಿನ ಮೇಲೆ ಕೂತು ಸಾವಕಾಶವಾಗಿ ನೆಕ್ಕತೊಡಗಿತು. ಸೊಣ್ಣಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ನೋಡಿದಳು. "ಹಲ್ಲಿನೋ ಓತಿನೋ, ಯೋಳ್ದೆ ಕೇಳ್ದೆ ಬೆಲ್ಲಕ್ಕೆ ಬಾಯಾಕೋದು ನಮ್ಮಣ್ಣನ ಬುದ್ದಿಯೇ. ಅವನ ಮನೇದೇ ಇದು" ಅಂದು ತೀರ್ಪು ಕೊಟ್ಟು ಕೊಳಾಯಿಗೆ ಹೊರಟುಹೋದಳು.

ನಾರಪ್ಪನಿಗೆ ಸಮಾಧಾನವಾಗಲಿಲ್ಲ. ಏರ್ಕಾಡ್ ಬೆಟ್ಟದ ಕಾಫಿ ತೋಟದಲ್ಲಿ ಒಬ್ಬ ಬಿಳಿ ದೊರೆಯಿದ್ದ. ಕಾಫಿಗಿಂತ ಹುಳಹುಪ್ಪಟೆ ಮೇಲೆ ಅವನಿಗೆ ಪ್ರಾಣ. ಚಿಟ್ಟೆ ದೊರೆ ಅಂತಲೇ ಜನ ಕರೆಯುತ್ತಿದ್ದರು. ಚಿಟ್ಟೆ ಹಿಡಿಯುವ ಬಲೆಗೆ ಬೇಕಾದ ತೆಳು ಬಟ್ಟೆಯನ್ನು ನೇಯ್ದು ಕೊಡುತ್ತಿದ್ದವನು ನಮ್ಮ ನಾರಪ್ಪನೇ. ಅದೇ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಎರಡರಲ್ಲಿ ಒಂದನ್ನು ಬೆಲ್ಲ ತೋರಿಸಿ ಹಿಡಿದು, ಬಸ್ಸು ಹತ್ತಿ ಬೆಟ್ಟಕ್ಕೆ ಹೋದ.

ದೊರೆ ಚೀಲ ಬಿಚ್ಚಿ ನೋಡಿದವನೇ ಕುರ್ಚಿಯಿಂದ ಎದ್ದ. ಭೂತಗಾಜು ತಂದ. ಕಾಲ್ಬೆರಳು ಎಣಿಸಿದ, ಉಗುರು ಹುಡುಕಿದ, ಉಗುರಿರಲಿಲ್ಲ. ಕಣ್ಣು ನೋಡಿದ, ರೆಪ್ಪೆಯಿಲ್ಲ, ಪಾಪೆ ದುಂಡಗಿದೆ. ಬೆರಳಿನಡಿಯ ಗೆರೆ ಲೆಕ್ಕ ಮಾಡಿ ಪುಸ್ತಕದಲ್ಲಿ ಬರೆದ. ಒಂದೂವರೆ ಗಂಟೆ ಹೊತ್ತು ಒಂದು ಹಲ್ಲಿಗೆ ಇಷ್ಟು ಮರ್ಯಾದೆ ನಡೆಯೋದನ್ನು ನಾರಪ್ಪ ಕೈಕಟ್ಟಿ ನಿಂತು ನೋಡಿದ. ತನ್ನನ್ನು ಯಾರೂ ಒಂದೂವರೆ ನಿಮಿಷ ಹಾಗೆ ನೋಡಿದ್ದು ಅವನಿಗೆ ನೆನಪಿಲ್ಲ.

"ಪಲ್ಲಿ! ಪಲ್ಲಿದಾನ್! ಕಡಲ್ ತೀವು ಪಲ್ಲಿ" ಅಂದ ದೊರೆ. ಹಲ್ಲಿಯೇ, ಸಮುದ್ರದ ದ್ವೀಪದ ಹಲ್ಲಿ ಅಂತ. ತಾನು ಇಂಥದನ್ನು ನೋಡಿಲ್ಲ, ಮದರಾಸಿನ ಪಂಡಿತರು ನೋಡಲಿ, ಇದು ಹೊಸ ಜಾತಿಯಾಗಿದ್ದರೆ ತಂದುಕೊಟ್ಟವನ ಹೆಸರನ್ನೇ ಇಡಬೇಕು ಅಂತ ತಾನೇ ಬರೆಯುತ್ತೇನೆ ಅಂದ. "ಪುದುಸು ಆನಾ, ಉನ್ ಪೇರ್! ಉಲಗಂ ಪೂರಾ ಉನ್ ಪೇರ್!"

ಲೋಕಕ್ಕೆಲ್ಲ ನಿನ್ನ ಹೆಸರು. ದೊರೆ ಆ ಹಲ್ಲಿಯನ್ನು ಸಾರಾಯಿ ಸತ್ವ ತುಂಬಿದ ಬಾಟಲಿಗೆ ಬಿಟ್ಟಾಗ ಪಾಪ ಅನ್ನಿಸಿದರೂ, ನಾರಪ್ಪ ತಾನೇ ಬಿರಡೆ ಎತ್ತಿಕೊಟ್ಟ. ದೊರೆ ಒಂದು ಕಾಗದ ಬರೆದುಕೊಟ್ಟ: "ದ್ವೀಪದ ಹಲ್ಲಿ, ಒಂದು. ಹೊಸ ಜಾತಿಯಾದರೆ ಹೆಸರು: ನಾರಪ್ಪ." ತಾನು ಆವತ್ತೇ ಕೊಲ್ಲಿಮಲೆಗೆ ಹದಿನೈದು ದಿನ ಚಿಟ್ಟೆ ಹಿಡಿಯಲು ಹೋಗುತ್ತಿರುವುದರಿಂದ, ಬಾಟಲಿಯನ್ನು ಸೇಲಂ ಜಂಕ್ಷನ್‌ನಲ್ಲಿ ಮದರಾಸಿಗೆ ಪಾರ್ಸಲ್ ಹಾಕು, ನೆಟ್ಟಗೆ ಅಲ್ಲಿಗೇ ಹೋಗು ಅಂತ ಮೂರು ಸಲ ಹೇಳಿದ.

ನೆಟ್ಟಗೆ ಹೋಗೋಕೇನಾಗಿತ್ತು ಈ ಮನುಷ್ಯನಿಗೆ? ಬಸ್ಸಿಳಿದವನು ಜಂಕ್ಷನ್ ಕಡೆ ತಿರುಗದೆ, ಬಾಟಲಿಯನ್ನು ವಲ್ಲಿಯಲ್ಲಿ ಸುತ್ತಿಕೊಂಡು ಮನೆಗೆ ಬಂದ. ಹೆಸರು ಬಂದಮೇಲೆ ನಾಲ್ಕು ಜನಕ್ಕೆ ತೋರಿಸದೆ ಹೇಗಿರೋದು ಹೇಳಿ. ಅದೂ ಎಂಥ ಕಾಲದಲ್ಲಿ! ಅಕ್ಟೋಬರ್ ಒಂದನೇ ತಾರೀಕಿನಿಂದ ಸೇಲಂ ಜಿಲ್ಲೆಯಲ್ಲಿ ಹೆಂಡ ಸಾರಾಯಿ ಪೂರಾ ಬಂದ್. ಹನಿ ಸಿಕ್ಕಿದರೂ ಜೈಲು. ಅದು ಜಾರಿಯಾಗಿ ನಲವತ್ತು ದಿನ ಆಗಿತ್ತಷ್ಟೆ.

ಜಗಲಿಯ ಮೇಲೆ ಬಾಟಲಿ ಇಟ್ಟು ನಾರಪ್ಪ ಎದೆಯುಬ್ಬಿಸಿ ಹೇಳಿದ. "ಈ ಜಾತಿ ಹಲ್ಲಿಗೆಲ್ಲ ಇನ್ಮ್ಯಾಕೆ ನನ್ನೆಸರು. ದೊರೆಗೋಳ ಸೀಮೆನಾಗೂ ಇದನ್ನ ನಾರಪ್ಪ ಅಂತ್ಲೇ ಕರೀತಾರೆ."

ಮೊದಲು ಬಾಯಿ ಬಿಟ್ಟವಳು ತಾಯಿ. "ಲೇ! ಹಲ್ಲಿಗೆ ನಮ್ಮ ಮಾವನೋರ ಎಸ್ರಾ? ಅವರು ಊರಿಗೆ ನ್ಯಾಯ ಯೋಳಿದೋರು ಕಣೋ! ತೊಟ್ಲು ಯಾರು ಕಟ್ಟಿದ್ರು? ಕಿವೀನಾಗೆ ಎಸ್ರು ಯಾರು ಉಸುರಿದ್ರು? ತೊಟ್ಲಿಲ್ದೆ ಇಟ್ಟಿದ್ದು ಒಂದು ಎಸ್ರಾ?"

ಸೊಣ್ಣಮ್ಮ ಆಗ ಒಳಗೆ ಪೊರಕೆ ಹಿಡಿದು ಉಳಿದ ಇನ್ನೊಂದು ಹಲ್ಲಿಯನ್ನು ಬೆಲ್ಲದ ಡಬ್ಬಿಯಿಂದ ಓಡಿಸುತ್ತಿದ್ದಳು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು.

"ಇದ್ಕೂ ಅದೇ ಎಸ್ರಾ?"

"ಜಾತಿಗೇ ಅದೇ ಎಸ್ರು ಅಂದ್ಮೇಲೆ ಇದ್ಕೂ ಅದೇ ತಾನೆ."

"ಅಯ್ಯೋ ನನ್ನ ಕರ್ಮವೇ! ಇನ್ನು ಪೊರಕೇಲಿ ಒಡೆಯಾದೆಂಗೆ?" ಅಂದು ಪೊರಕೆ ಬಿಸಾಕಿ, ಹಲ್ಲಿಯ ಮುಂದೆ ಸೆರಗು ಸರಿಮಾಡಿಕೊಂಡಳು. ಹಲ್ಲಿ ಅವಳನ್ನೊಮ್ಮೆ ನೋಡಿ ಮತ್ತೆ ಬೆಲ್ಲಕ್ಕೆ ಬಾಯಿ ಹಾಕಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮೇಲಿಂದ ಇಣುಕಿದರೆ ಬೆನ್ನಿನ ಚುಕ್ಕಿ ಸರಿಯಾಗಿ ಕಾಣಲಿ ಅಂತ ನಾರಪ್ಪ ಬಾಟಲಿಯ ಬಿರಡೆ ತೆಗೆದ. ಜವರಪ್ಪನ ಮೂಗು ಅರಳಿತು. ಪಾಪ, ಆ ಮನುಷ್ಯನಿಗೆ ಇಪ್ಪತ್ತೈದು ವರ್ಷದ ಅಭ್ಯಾಸ. ನಲವತ್ತು ದಿನದಿಂದ ವಾಸನೆ ಕೂಡ ಇಲ್ಲ. ಕಣ್ಣಲ್ಲಿ ನೀರು ಬಂತು.

"ಅಪ್ಪಾ, ನನ್ನಪ್ಪಾ, ಒಂದೇ ಒಂದು ಗುಟುಕು ಕೊಡೋ."

"ಮಾಮಾ, ಅದ್ರಾಗೆ ಹಲ್ಲಿ ಬಿದ್ದೈತೆ!"

"ಬಿದ್ದಿರ್ಲಿ ಬಿಡೋ, ನಾನೇನ್ ಮಡಿಯೋನಾ? ಹಲ್ಲಿ ನೀನೇ ಇಟ್ಕೊ, ತಣ್ಣಿ ನಂಗೆ ಕೊಡು!" ಅಂತ ಜವರಪ್ಪ ಬೀದಿಯ ಆ ತುದಿಗೆ ಕೇಳುವ ಹಾಗೆ ಗೋಗರೆದ.

ಬೀದಿಯ ಆ ತುದಿಯಲ್ಲಿ ನಿಂತಿದ್ದವರು ಮದುವಿಲಕ್ಕು ಸಬ್ ಇನ್ಸ್‌ಪೆಕ್ಟರ್ ಶಿವರಾಮನ್. ಮದುವಿಲಕ್ಕು ಅಂದರೆ ಪಾನನಿಷೇಧ; ಆ ಕಾನೂನಿಗೆಂದೇ ಹೊಸದಾಗಿ ಬಂದವರು. ದೇಶಕ್ಕೇ ಮೊದಲು ಸೇಲಂನಲ್ಲಿ ಕುಡಿತ ನಿಂತಿದೆ ಅಂತ ಮೇಲಿನವರು ಕುಣಿಯುತ್ತಿದ್ದರೆ, ಶಿವರಾಮನ್ ಡೈರಿಯಲ್ಲಿ ಒಂದೇ ಒಂದು ಕೇಸಿತ್ತು. ಒಂದು ಹಳೆ ಮಡಕೆ. ಅದೂ ಹುಳಿ ಮೊಸರಿನದು ಅಂತ ಆಮೇಲೆ ಗೊತ್ತಾಗಿತ್ತು. ಈಗ ಅವರು ಕಾನ್‌ಸ್ಟೇಬಲ್ ಸಮೇತ ಜಗಲಿಗೆ ಬಂದು ಬಾಟಲಿ ಎತ್ತಿ ಹಿಡಿದು, ಮೂಸಿ, ಮದುವೆಗೆ ಹೆಣ್ಣು ಒಪ್ಪಿದವರ ಹಾಗೆ ನಕ್ಕರು.

"ಎನ್ನಯ್ಯಾ ಇದು?"

"ಹಲ್ಲಿ ಸಾಮಿ."

"ಪಲ್ಲಿಯೆ ಯಾರಯ್ಯಾ ಕೇಟ್ಟಾ? ಅದು ಮುಳುಗಿರೋದು ಏನು ಅಂದೆ."

"ಅದು ಹಲ್ಲಿ ಕೊಳೀದಂಗಿರಾಕೆ ಸಾಮಿ. ದೊರೆ ಕೊಟ್ಟಿದ್ದು. ಕಾಗದ ಐತೆ."

ಶಿವರಾಮನ್ ಕಾಗದ ಓದಿದರು. ವಿದ್ಯೆಯ ಕೆಲಸಕ್ಕೆ ಪ್ರಾಣಿಯನ್ನು ಇಟ್ಟದ್ದಾದರೆ ಬಿಡಬಹುದು ಅಂತ ರೂಲ್ಸು. ಆದರೆ ಯಾವ ಪ್ರಾಣಿ, ಯಾರ ಕೈಯಲ್ಲಿ ಸಿಕ್ಕಿತು ಅಂತ ಸಾಬೀತಾಗಬೇಕು. ಅವರು ಪುಸ್ತಕ ತೆಗೆದರು.

"ಪ್ರಾಣಿ ಪೇರ್?"

"ನಾರಪ್ಪ."

"ಉನ್ ಪೇರ್?"

"ನಾರಪ್ಪ."

ಶಿವರಾಮನ್ ಪೆನ್ಸಿಲ್ ಕೆಳಗಿಟ್ಟರು. "ಯಾರಿಗಯ್ಯಾ ಕಿವಿಯಲ್ಲಿ ಹೂವಿಡ್ತೀಯ?" ಅಂದು ಬೀದಿಯ ಮನೆಪಟ್ಟಿ ಬಿಚ್ಚಿದರು. ಜನಗಣತಿಯ ಪುಸ್ತಕದಿಂದ ಇಳಿಸಿದ ಪಟ್ಟಿ. "ಹದಿನೇಳನೇ ಮನೆ. ಯಜಮಾನ ಕಂಬಯ್ಯ. ನಾರಪ್ಪ ಅನ್ನೋನು ಈ ಬೀದಿಯಲ್ಲೇ ಇಲ್ಲ!"

"ನಾನೇ ಸಾಮಿ ನಾರಪ್ಪ!"

"ನೀ ಕಂಬಯ್ಯ" ಅಂದರು ಶಿವರಾಮನ್, ಸರ್ಕಾರದ ಅಚ್ಚಳಿಯದ ನಂಬಿಕೆಯಿಂದ. ಜವರಪ್ಪನ ಕಡೆ ತಿರುಗಿ, "ಇವನ್ ಪೇರ್ ಎನ್ನ?" ಅಂತ ಕೇಳಿದರು.

"ಸೊಣ್ಣಮ್ಮನ ಗಂಡ ಸಾಮಿ."

"ಪೇರ್, ಪೇರ್!"

ಜವರಪ್ಪ ತಲೆ ಕೆರೆದುಕೊಂಡ. ನಲವತ್ತೈದು ವರ್ಷದ ನೆರೆಮನೆಯವನು. ಅದರಲ್ಲೂ ಗುಟುಕು ಕೊಡದೆ ಇರುವವನ ಹೆಸರು ಹೊಳೆಯುವುದು ಕಷ್ಟ. "ಅದೇ ಸಾಮಿ ಪೇರು" ಅಂದ.

ದೊಡ್ಡಮುನಿಯಮ್ಮನನ್ನು ಕೇಳಿದರೆ ಆಕೆ ಕೆನ್ನೆ ಬಡಿದುಕೊಂಡಳು. "ಶಿವಶಿವಾ, ಮಾವನೋರ ಎಸ್ರು ನನ್ನ ಬಾಯಾಗೆ ಬರ್ತದಾ? ನಾನು ಲೇ ಅಂತೀನಿ ಸಾಮಿ. ಲೇ ಅಂತ ಬರ್ಕೊಳಿ."

ಶಿವರಾಮನ್ ಬೆವರು ಒರೆಸಿಕೊಂಡರು. ಕೊನೆಗೆ, ಇಷ್ಟರಲ್ಲಿ ಬಿಂದಿಗೆ ಹಿಡಿದು ಕೊಳಾಯಿಗೆ ಹೋಗಿದ್ದ ಸೊಣ್ಣಮ್ಮನನ್ನು ಕರೆಸಿದರು. ಮನೆಯ ಹೆಂಗಸು ಪ್ರಾಣಿಯ ಹೆಸರು ಕಾಗದದಲ್ಲಿ ಇರುವ ಹಾಗೇ ಹೇಳಿದರೆ ಸಾಕು, ತಾನು ನಂಬುತ್ತೇನೆ ಅಂದರು.

"ಬಾಟ್ಲಿಯಲ್ಲಿ ಏನಮ್ಮಾ ಇರೋದು?"

ಸೊಣ್ಣಮ್ಮ ನೆಲ ನೋಡಿದಳು. "ಅದೇ ಸಾಮಿ, ನಮ್ಮನೆಯೋರು."

"ನಿನ್ನ ಗಂಡನಾ?"

"ಊಂ."

"ಹಾಗಾದ್ರೆ ಇಲ್ಲಿ ನಿಂತಿರೋನು?"

"ಅವರೂ ನಮ್ಮನೆಯೋರೇ."

ಅಷ್ಟು ಹೊತ್ತಿಗೆ ಎರಡನೇ ಹಲ್ಲಿ ಬಾಗಿಲ ಮೇಲಿನ ಗೋಡೆಗೆ ಬಂದು ತಲೆಕೆಳಗಾಗಿ ಕೂತಿತು. ಕಾನ್‌ಸ್ಟೇಬಲ್ ಅದರ ಕಡೆ ಲಾಠಿ ತೋರಿಸಿದ. "ಅದು?"

"ಅಯ್ಯೋ, ಒಡೀಬ್ಯಾಡಿ ಸಾಮಿ! ಅದೂ ನಮ್ಮನೆಯೋರೇ!"

ಶಿವರಾಮನ್ ಪ್ರಾಮಾಣಿಕ ಮನುಷ್ಯ. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುವವರು. "ಸಾಕ್ಷಿಗೆ ಮೂರು ಜನ ಗಂಡಂದಿರು. ಒಬ್ಬ ಬಾಟಲಿಯಲ್ಲಿ, ಒಬ್ಬ ಜಗಲಿಯಲ್ಲಿ, ಒಬ್ಬ ಗೋಡೆಯ ಮೇಲೆ" ಅಂತ ಬರೆದು, ತಾವೇ ಓದಿ ನೋಡಿ, ಆ ಹಾಳೆಯನ್ನು ಪರಪರ ಹರಿದುಹಾಕಿದರು. ಮುಖ ಮೆಣಸಿನಕಾಯಿಯಾಯಿತು.

"ಪೋದುಂ! ಸಾಕು! ಹೆಸರು ಬಾಯಲ್ಲಿ ಹೇಳಿದ್ರೆ ಬಿಡ್ತೀನಿ. ಇಲ್ಲ ಅಂದ್ರೆ ನಾರಪ್ಪ ಅನ್ನೋನು ಸಾರಾಯಿ ಬಿಟ್ಟು ಓಡಿಹೋದ ಕಳ್ಳ, ಕಂಬಯ್ಯ ಅವನ ಮಾಲು ಬಚ್ಚಿಟ್ಟೋನು. ಆರು ತಿಂಗಳು ಉಳ್ಳೆ ಪೋಡುವೇನ್! ನಡಿಯಯ್ಯಾ ಸ್ಟೇಷನ್‌ಗೆ!"

ಕಾನ್‌ಸ್ಟೇಬಲ್ ನಾರಪ್ಪನ ರಟ್ಟೆ ಹಿಡಿದ. ಬೀದಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಎಲ್ಲರೂ ಸೊಣ್ಣಮ್ಮನನ್ನು ನೋಡಿದರು.

"ಬ್ಯಾಡ ಕಣೇ, ಯೋಳ್ಬ್ಯಾಡ" ಅಂದ ನಾರಪ್ಪ. "ಆರು ತಿಂಗ್ಳು ತಾನೆ, ಓಗ್ಬರ್ತೀನಿ." ಬಾಯಿ ಹೀಗಂದಿತು. ಆದರೆ ಆ ಮನುಷ್ಯನ ಕಿವಿ ಮಾತ್ರ ಹೆಂಡತಿಯ ಕಡೆಯೇ ನೆಟ್ಟಿತ್ತು ಅನ್ನೋದನ್ನ ನಾನು ಮುಚ್ಚಿಡಲಾರೆ.

ಸೊಣ್ಣಮ್ಮ ಗಂಡನ ಕೈ ನೋಡಿದಳು, ಕಾನ್‌ಸ್ಟೇಬಲ್ ಮುಷ್ಟಿ ನೋಡಿದಳು. ಹೇಳಿದರೆ ಗಂಡನ ಆಯಸ್ಸು, ಹೇಳದಿದ್ದರೆ ಗಂಡನೇ ಜೈಲಿಗೆ. ಕೈಲಿದ್ದ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದಳು.

"ನಾರಪ್ಪ!" ಅಂದಳು. "ಬಾಟ್ಲಿನಾಗಿರೋದು ನಾರಪ್ಪ! ಗೋಡೆ ಮ್ಯಾಲಿರೋದು ನಾರಪ್ಪ! ನಾರಪ್ಪ, ನಾರಪ್ಪ, ನಾರಪ್ಪ! ಇನ್ನೂ ಬೇಕಾ ನಿಂಗೆ? ಬಿಡು ಅವರ ಕೈನ!"

ದೊಡ್ಡಮುನಿಯಮ್ಮ ಅಲ್ಲೇ ಕುಸಿದು ಕೂತಳು. ಸೊಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ಹೋ ಅಂತ ಅತ್ತುಬಿಟ್ಟಳು. ಕೊಳಾಯಿಯಲ್ಲಿ ಯಾರೇನಂದರೂ ಕಣ್ಣು ತೇವ ಮಾಡಿಕೊಳ್ಳದ ಹೆಂಗಸು ಅವಳು. ನಾರಪ್ಪನೊಬ್ಬ ಮಾತ್ರ ಹಲ್ಲು ಕಿರಿಯುತ್ತಾ ನಿಂತಿದ್ದ. "ಯಾಕಯ್ಯಾ ನಗ್ತೀಯ?" ಅಂತ ಕಾನ್‌ಸ್ಟೇಬಲ್ ಕೇಳಿದರೂ ಅವನಿಗೆ ಕೇಳಿಸಲಿಲ್ಲ. ಆರು ಸಲ ಹೇಳಿದ್ದಳು; ಅವನು ಎಣಿಸಿದ್ದ.

ಶಿವರಾಮನ್‌ಗೂ ಸಾಕುಬೇಕಾಗಿತ್ತು. "ಪ್ರಾಣಿ ನಾರಪ್ಪ, ಬಾಟಲಿಯಲ್ಲಿ. ಮನುಷ್ಯ ನಾರಪ್ಪ, ಹೊರಗೆ" ಅಂತ ಬರೆದು, ಮನೆಪಟ್ಟಿಯಲ್ಲಿ ಕಂಬಯ್ಯನನ್ನು ಹೊಡೆದುಹಾಕಿ ನಾರಪ್ಪ ಅಂತ ತಿದ್ದಿದರು. ಅದು ನಿಜವಾಗಿ ಸಾರಾಯಿಯೋ ಅಲ್ಲವೋ ಅಂತ ಸರ್ಕಾರದ ಪರವಾಗಿ ಕುಡಿದು ನೋಡಲು ತಾನು ತಯಾರು ಅಂತ ಜವರಪ್ಪ ಮುಂದೆ ಬಂದ. ಅವನನ್ನು ಗದರಿಸಿ, ಬಾಟಲಿಗೆ ಅರಗಿನ ಮೊಹರು ಹಾಕಿ, ಮದರಾಸಿಗೆ ತಾವೇ ಕಚೇರಿಯಿಂದ ಕಳಿಸುತ್ತೇವೆ ಅಂತ ಎತ್ತಿಕೊಂಡು ಹೋದರು.

ಆಮೇಲಿನ ಒಂದೂವರೆ ತಿಂಗಳು ನಾರಪ್ಪನ ಪಾಲಿಗೆ ಸ್ವರ್ಗ. ಅವನು ಒಂದು ಸೀನು ಸೀನಿದರೆ ಸೊಣ್ಣಮ್ಮ ಚೌಡಮ್ಮನಿಗೆ ಹರಕೆ ಕಟ್ಟುತ್ತಿದ್ದಳು. ಕೆಮ್ಮಿದರೆ ಕಷಾಯ. ಆಕಳಿಸಿದರೆ ಎದೆ ಮುಟ್ಟಿ ನೋಡುತ್ತಿದ್ದಳು. "ನಿನ್ನ ಬಾಯಿಂದ್ಲೇ ನನ್ನ ಮಗನ ಆಯಸ್ಸು ಓಯ್ತು" ಅಂತ ಅತ್ತೆ ಹಂಗಿಸಿದಾಗಲೆಲ್ಲ ಅವಳದು ಒಂದೇ ಉತ್ತರ: "ನಾನ್ ಯೋಳಿದ್ದು ಹಲ್ಲಿ ಎಸ್ರು. ಅವರ ಎಸ್ರು ನಾನ್ ಯೋಳಿಲ್ಲ. ಮದರಾಸಿಂದ ಕಾಗದ ಬರ್ಲಿ, ನೋಡೀರಂತೆ." ಆ ಕಾಗದವೇ ಅವಳಿಗೆ ಈಗ ಮುತ್ತೈದೆತನದ ಭರವಸೆಯಾಗಿತ್ತು.

ಕಾಗದ ಬಂತು. ಕಳಿಸಿದ್ದು ಕಚೇರಿಯ ಮೊಹರಿನಲ್ಲಾದ್ದರಿಂದ ಶಿವರಾಮನ್ ವಿಳಾಸಕ್ಕೇ ಬಂದಿತ್ತು. ಅವರೇ ತಂದು ಜಗಲಿಯಲ್ಲಿ ಕೂತು ಓದಿ ಅರ್ಥ ಹೇಳಿದರು. ಇದು ಅಂಡಮಾನ್ ದ್ವೀಪದ ಹಸಿರು ಹಲ್ಲಿ. ಹಗಲಲ್ಲಿ ತಿರುಗುವ ಜಾತಿ. ಹೊಸದೇನಲ್ಲ, ಎಪ್ಪತ್ತು ವರ್ಷಕ್ಕೂ ಹಿಂದೆಯೇ ಇದಕ್ಕೆ ಆ ದ್ವೀಪದ ಹೆಸರನ್ನೇ ಇಟ್ಟು ಆಗಿದೆ. ಮತ್ತೊಂದು ಹೆಸರಿಡಲು ಬರುವುದಿಲ್ಲ. ಆದರೂ ಚೆನ್ನಾಗಿ ಕೆಡದೆ ಬಂದಿರುವುದರಿಂದ ಬಾಟಲಿಯನ್ನು ಸಾಲಿನಲ್ಲಿ ಇಟ್ಟಿದ್ದೇವೆ. ತಂದವರ ಹೆಸರನ್ನೂ ಚೀಟಿಯಲ್ಲಿ ಅಂಟಿಸಿದ್ದೇವೆ.

"ಅಷ್ಟಾದ್ರೂ ಮಾಡಿದ್ರಲ್ಲ" ಅಂದ ನಾರಪ್ಪ, ಸಣ್ಣ ದನಿಯಲ್ಲಿ. "ಏನಂತ ಅಂಟ್ಸವ್ರೆ ಸಾಮಿ?"

ಶಿವರಾಮನ್ ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೆಮ್ಮಿದರು. "ನಮ್ಮ ಗುಮಾಸ್ತ ಆಫೀಸಿನ ಹಳೇ ಪಟ್ಟಿ ನೋಡಿ ಬರೆದುಬಿಟ್ಟವ್ನೆ. ಶ್ರೀ ಕಂಬಯ್ಯ, ಸೇಲಂ."

ನಾರಪ್ಪ ಎದ್ದು ಒಳಗೆ ಹೋಗಿ ಮಗ್ಗದ ಗುಂಡಿಯಲ್ಲಿ ಇಳಿದು ಕೂತ. ಲಾಳಿ ಮುಟ್ಟಲಿಲ್ಲ. ಲೋಕಕ್ಕೆಲ್ಲ ನಿನ್ನ ಹೆಸರು ಅಂದಿದ್ದನಲ್ಲ ಆ ದೊರೆ! ಹಲ್ಲಿಗೊಂದು ಹೆಸರಿತ್ತು, ಎಪ್ಪತ್ತು ವರ್ಷದಿಂದ ಗಟ್ಟಿಯಾಗಿತ್ತು. ಇಲ್ಲದೆ ಇದ್ದದ್ದು ಇವನಿಗೇ. ಅವನಿಗೆ ಅಳು ಬಂತು.

ಹೊರಗೆ ದೊಡ್ಡಮುನಿಯಮ್ಮ ಶುರುಮಾಡಿದ್ದಳು. "ಕೇಳಿದ್ಯಾ? ಹಲ್ಲಿಗೆ ಆ ಎಸ್ರಿಲ್ವಂತೆ! ಅಂದ್ಮ್ಯಾಕೆ ನೀನು ಬೀದೀಲಿ ನಿಂತು ಆರು ಕಿತ ಕೂಗಿದ್ದು ಯಾರನ್ನೇ?"

ಸೊಣ್ಣಮ್ಮನ ಮುಖ ಬಿಳಿಚಿತು. ಒಂದು ಗಳಿಗೆ ಅಷ್ಟೆ. ಆಮೇಲೆ ಶಿವರಾಮನ್ ಕಡೆ ತಿರುಗಿದಳು; ಅವರು ಆಗಲೇ ಟೋಪಿ ಹಾಕಿಕೊಳ್ಳುತ್ತಿದ್ದರು.

"ಯಾರ್ ಸಾಮಿ ಅವರು ಮದರಾಸ್ನೋರು? ಈ ಹಲ್ಲಿಗೆ ದಿನಾ ಬೆಲ್ಲ ಹಾಕೋರ್ಯಾರು, ಅವರಾ, ನಾನಾ? ಸಾಕಿದೋರು ಎಸ್ರಿಡಬೇಕಾ, ಬಾಟ್ಲಿಗೆ ಹಾಕಿದೋರು ಇಡಬೇಕಾ? ಅಲ್ಲಿರೋದ್ಕೆ ಏನಾರ ಇಟ್ಕೊಳ್ಲಿ. ನಮ್ಮನೇಲಿರೋದು ನಾರಪ್ಪನೇ. ಅವತ್ತೂ ನಾರಪ್ಪನೇ, ಇವತ್ತೂ ನಾರಪ್ಪನೇ! ಬರ್ಕೊಳಿ!"

"ಎಳುದಿಡುರೇನ್ ಅಮ್ಮಾ, ಬರ್ಕೊತೀನಿ" ಅಂದು ಶಿವರಾಮನ್ ಏನನ್ನೂ ಬರೆಯದೆ ಬೀದಿ ದಾಟಿಬಿಟ್ಟರು.

ಅವತ್ತೇ ಸಾಯಂಕಾಲ ಸೊಣ್ಣಮ್ಮ ತೆಂಗಿನ ಚಿಪ್ಪಿಗೆ ನೂಲಿನ ಹಗ್ಗ ಕಟ್ಟಿ ತೊಟ್ಟಿಲು ಮಾಡಿದಳು. ಒಳಗೆ ಬೆಲ್ಲದ ಚೂರು. ಹಲ್ಲಿ ತಾನಾಗೇ ಬಂದು ಮಲಗಿತು. ಅದಕ್ಕೆ ಕಿವಿ ಎಲ್ಲಿದೆ ಅಂತ ಹುಡುಕಿ ಮೂರು ಸಲ ಹೆಸರು ಉಸುರಿದಳು. ತೊಟ್ಟಿಲು ಕಟ್ಟಿದ ಮೇಲೆ ಅತ್ತೆಗೂ ಬಾಯಿಲ್ಲ. ನೆರೆಹೊರೆಗೆ ಕಡಲೆ ಬೆಲ್ಲ ಹಂಚಿದ್ದೂ ಆಯಿತು. ಗಂಡನ ಆಯಸ್ಸು ಹೀಗೆ ಗಟ್ಟಿಯಾಯಿತು.

ನಾರಪ್ಪನ ಗೋಳು ಮಾತ್ರ ಶುರುವಾಯಿತು. ದಿನಕ್ಕೆ ಇಪ್ಪತ್ತು ಸಲ ಅವನ ಹೆಸರು ಮನೆಯಲ್ಲಿ ಕೇಳುತ್ತಿತ್ತು, ಒಂದು ಸಲವೂ ಅವನಿಗಲ್ಲ. "ನಾರಪ್ಪಾ, ಬೆಲ್ಲದ ಡಬ್ಬಿ ಬಿಟ್ಟು ಏಳು!" "ನಾರಪ್ಪಾ, ನನ್ನ ತಲೆ ಮ್ಯಾಲೆ ಬಿದ್ದೀಯಾ, ಜ್ವಾಕೆ!" ಮೊದಮೊದಲು ಪ್ರತಿ ಸಲವೂ ಲಾಳಿ ಬಿಟ್ಟು ಎದ್ದು ಓಡುತ್ತಿದ್ದ. "ನಿಮ್ಮುನ್ನಲ್ಲ, ಅದುನ್ನ" ಅನ್ನುತ್ತಿದ್ದಳು. ಬೀದಿಯವರೂ ಕಲಿತರು, ಬರುವಾಗ "ನಾರಪ್ಪ ಚೆನ್ನಾಗವ್ನಾ?" ಅಂತ ಗೋಡೆ ನೋಡಿಕೊಂಡು ಕೇಳಿ, "ಏನ್ ಸೊಣ್ಣಮ್ಮನ ಗಂಡ, ಸೌಖ್ಯಾನಾ?" ಅಂತ ಇವನನ್ನು ಕೇಳುತ್ತಿದ್ದರು. ಥತ್, ಇಂಥ ಬಾಳು ಯಾವ ಶತ್ರುವಿಗೂ ಬೇಡ. ಕಡೆಗೆ ಅವನು ಏಳೋದನ್ನೇ ಬಿಟ್ಟ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ. ದೊಡ್ಡಮುನಿಯಮ್ಮ ಜಗಲಿಯಲ್ಲಿ ಮಲಗಿದ್ದಳು. ನಾರಪ್ಪ ಮಗ್ಗದಲ್ಲಿದ್ದ. ಹಲ್ಲಿ ಮಗ್ಗದ ಅಡ್ಡಮರದ ಮೇಲೆ, ಅವನ ಮೂಗಿನ ನೇರಕ್ಕೆ, ಬಿಸಿಲು ಕಾಯುತ್ತಾ ಕೂತಿತ್ತು.

"ನಾರಪ್ಪಾ" ಅಂತ ಅಡಿಗೆಮನೆಯಿಂದ ಸೊಣ್ಣಮ್ಮನ ದನಿ ಬಂತು.

"ಓಗಪ್ಪಾ, ಕರೀತಾವ್ಳೆ" ಅಂದ ನಾರಪ್ಪ ಹಲ್ಲಿಗೆ, ಲಾಳಿ ನಿಲ್ಲಿಸದೆ. ಹಲ್ಲಿ ಅಲ್ಲಾಡಲಿಲ್ಲ.

"ನಾರಪ್ಪಾ, ಮುದ್ದೆ ಆರ್ತಾ ಐತೆ." ದನಿ ಸಣ್ಣದಾಗಿತ್ತು. ಅತ್ತೆಗೆ ಕೇಳಿಸಬಾರದು ಅನ್ನುವ ಹಾಗೆ.

ಲಾಳಿ ನಿಂತಿತು. ನಾರಪ್ಪ ಹಲ್ಲಿಯನ್ನು ನೋಡಿದ. ಹಲ್ಲಿ ಬೆಲ್ಲ ತಿನ್ನುತ್ತೆ, ನೊಣ ತಿನ್ನುತ್ತೆ, ಬಾಳೆಹಣ್ಣು ಕೊಟ್ಟರೂ ನೆಕ್ಕುತ್ತೆ. ಮುದ್ದೆ ಮುಟ್ಟಿದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ.

"ಬಂದೆ ಕಣೇ" ಅಂದು ಕೈ ತೊಳೆದುಕೊಂಡು ಒಳಗೆ ಹೋದ.